ಮಾಣಿಗೊಂದು ಎಕ್ಸ್‌ಟ್ರಾ

ಮೊದಲೇ ಹೇಳಿಬಿಡುತ್ತೇನೆ: ಕಲ್ಯಾಣದಿಂದ ತುರ್ಭೆಯವರೆಗೆ ಹುಡುಕಿದರೂ ನನ್ನಷ್ಟು ಚೆಂದವಾಗಿ ಸುಳ್ಳು ಹೇಳುವ ಇನ್ನೊಬ್ಬ ಉಡುಪಿಯವ ನಿಮಗೆ ಸಿಗಲಿಕ್ಕಿಲ್ಲ. ಬಡಾಯಿ ಅಂತ ತಿಳಿಯಬೇಡಿ, ನಮ್ಮ ಕುಟುಂಬದಲ್ಲಿ ಇದಕ್ಕೊಂದು ಶಬ್ದವೇ ಉಂಟು. ಯಾರಾದರೂ ಸುಳ್ಳು ಬಿಟ್ಟರೆ 'ಠಾಕುರ್ಲಿ' ಎನ್ನುತ್ತಾರೆ. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಇರುವ ಆ ಪುಟ್ಟ ಸ್ಟೇಷನ್ನಿಗೆ ಈ ಕೀರ್ತಿ ತಂದುಕೊಟ್ಟವನು ನಾನು. ಅಕ್ಕನ ಮನೆಯ ಒಂದು ಪೂಜೆಯ ದಿನ ಭಟ್ಟರು ಬರುವುದು ತಡವಾಯಿತು. ನಾನು ಫೋನನ್ನು ಕಿವಿಗಿಟ್ಟುಕೊಂಡು, ಮುಖ ಸಣ್ಣದು ಮಾಡಿ ಹೇಳಿದೆ: "ಭಟ್ರ ಲೋಕಲ್ ಠಾಕುರ್ಲಿಯಲ್ಲಿ ನಿಂತಿದೆಯಂತೆ. ಇನ್ನು ಮಧ್ಯಾಹ್ನದ ಮೇಲೆಯೇ. ಹಸಿವಾದವರು ತಿನ್ನಿ ಅಂದ್ರು, ದೋಷ ಇಲ್ಲವಂತೆ." ಜನ ವಡೆಯ ಪಾತ್ರೆ ಅರ್ಧ ಖಾಲಿ ಮಾಡುವಷ್ಟರಲ್ಲಿ ಭಟ್ಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವರು ಬಂದದ್ದು ರಿಕ್ಷಾದಲ್ಲಿ.

ಇದನ್ನು ಯಾಕೆ ಹೇಳಿದೆ ಎಂದರೆ, ಅರವತ್ತು ದಾಟಿದ ಮೇಲೆ ನನಗೆ ಒಂದು ನಿಜ ಹೇಳಲೇಬೇಕಾದ ಪ್ರಸಂಗ ಬಂತು. ಯಾರೂ ನಂಬಲಿಲ್ಲ.

ನನ್ನ ಹೆಸರು ವಾಸುದೇವ, ಕರೆಯುವುದು ಮಾಣಿ. ನಮ್ಮ ಕಡೆ ಹುಡುಗನಿಗೂ ಮಾಣಿ ಎನ್ನುತ್ತಾರೆ, ಹೋಟೆಲಿನಲ್ಲಿ ತಿಂಡಿ ತಂದುಕೊಡುವವನಿಗೂ ಮಾಣಿ ಎನ್ನುತ್ತಾರೆ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಸೋದರಮಾವನ ಹೋಟೆಲಿಗೆ ಬಂದಾಗ ನಾನು ಎರಡೂ ಆಗಿದ್ದೆ. ನನ್ನ ಜೊತೆ ಬಂದವರಿಗೆ ದನಿ ಒಡೆಯಿತು, ಮೀಸೆ ಬಂತು. ಅವರು ಕ್ಯಾಶಿಗೆ ಕೂತರು, ಯಜಮಾನರಾದರು, ಹೊಟ್ಟೆ ಬೆಳೆಸಿದರು. ನಾನು ಉದ್ದ ಮಾತ್ರ ಆದೆ. ಅಟ್ಟದ ಮೇಲಿನ ಡಬ್ಬ ಇಳಿಸಲು ಯಾರಿಗೂ ಏಣಿ ಬೇಕಾಗುತ್ತಿರಲಿಲ್ಲ, ನನ್ನನ್ನು ಕರೆಯುತ್ತಿದ್ದರು. ಮುಂದೆ ತುರ್ಭೆಯ ಕಾರ್ಖಾನೆಗಳ ನಡುವೆ ನನ್ನದೇ ಕ್ಯಾಂಟೀನ್ ಮಾಡಿದೆ. ಆಗಲೂ ಫೋನಿನಲ್ಲಿ ನನ್ನ ದನಿ ಕೇಳಿದವರು "ಮೇಡಂ, ಜರಾ ಸೇಠ್ ಕೋ ದೀಜಿಯೇ" ಎಂದು ಯಜಮಾನರನ್ನು ಕೇಳುತ್ತಿದ್ದರು. ನಾನು ಫೋನನ್ನು ಒಂದು ಗಳಿಗೆ ಕೆಳಗಿಟ್ಟು, ಮತ್ತೆ ಎತ್ತಿ, ಗಂಟಲು ದಪ್ಪ ಮಾಡಿಕೊಂಡು "ಹಾಂ, ಬೋಲೋ" ಎನ್ನುತ್ತಿದ್ದೆ. ವ್ಯಾಪಾರ ನಿಲ್ಲಲಿಲ್ಲ.

ಇನ್ನೊಂದು ಸಂಗತಿ ಉಂಟು. ಅದನ್ನು ಬರೆಯಲು ಈಗಲೂ ಕೈ ಸ್ವಲ್ಪ ನಿಲ್ಲುತ್ತದೆ. ಹೈಸ್ಕೂಲಿಗೆ ಹೋಗುವಾಗಲೇ ನನ್ನ ಎದೆ ಹುಡುಗರ ಎದೆಯ ಹಾಗೆ ಇರಲಿಲ್ಲ. ಒಂದರ ಮೇಲೊಂದು ಬಿಗಿಯಾದ ಎರಡು ಬನಿಯನ್ ಹಾಕಿಕೊಳ್ಳುವುದನ್ನು ಅಂದಿನಿಂದಲೇ ಕಲಿತೆ. ಮುಂಬಯಿ ಕಡೆಯ ಮೇ ತಿಂಗಳ ಸೆಕೆಯಲ್ಲಿ ಎರಡು ಬನಿಯನ್ ತೊಟ್ಟು ದೋಸೆಕಲ್ಲಿನ ಮುಂದೆ ನಿಂತವನಿಗೆ ಯಮನೂ ಕೈ ಮುಗಿಯಬೇಕು. ನಮ್ಮವರ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದೇ ಒಳಗೆ ಹೋಗಬೇಕು; ಪೂಜೆಯಲ್ಲಿ ಮಂಡಲದ ಹತ್ತಿರ, ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ಬರಿಮೈ, ಹೆಗಲ ಮೇಲೊಂದು ಶಲ್ಯ. ನಾನು ದೇವಸ್ಥಾನದ ಹೊರಗೆ ಚಪ್ಪಲಿ ಕಾಯುತ್ತಿದ್ದೆ. ಕಾಯುತ್ತಾ ಜೋಡಿ ಅದಲುಬದಲು ಮಾಡಿ ಇಡುತ್ತಿದ್ದೆ. ಪಂಕ್ತಿ ಎದ್ದರೆ ಅಂಗಿಯ ತೋಳು ಮಡಚಿ ಸಾಂಬಾರಿನ ಬಕೆಟ್ ಹಿಡಿದು ಬಡಿಸಲು ನಿಲ್ಲುತ್ತಿದ್ದೆ. "ಹೋಟ್ಲಿನವ ಅಲ್ವಾ, ಕೂತ್ರೆ ಕೈ ತುರಿಸ್ತದೆ" ಎಂದರೆ ಎಲ್ಲರಿಗೂ ಸಂತೋಷ. ಜನ ನಗುವುದಾದರೆ ನಾನು ಮಾಡಿದ ಕುಚೇಷ್ಟೆಗೆ ನಗಲಿ, ನನ್ನ ಮೈ ಕಂಡು ನಗುವುದು ಬೇಡ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲೇ ನಾನು ಇಷ್ಟು ಪ್ರಸಿದ್ಧನಾದದ್ದು.

ಹೆಂಡತಿ ಸುಮತಿ ಬ್ರಹ್ಮಾವರದವಳು. ನಮಗೆ ಮಕ್ಕಳಾಗಲಿಲ್ಲ. ಆ ಕಾಲದಲ್ಲಿ ಡಾಕ್ಟರ ಹತ್ತಿರ ಹೋದದ್ದೆಲ್ಲ ಅವಳೇ. ಗಂಡನನ್ನೂ ಕರೆದುಕೊಂಡು ಬಾ ಎಂದು ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಸೀಮಂತದ ದಿನ ಬಸುರಿಯ ಮಡಿಲು ತುಂಬುವವರು ಮಕ್ಕಳೊಂದಿಗರಾದ ಐದು ಮುತ್ತೈದೆಯರು. ಸುಮತಿಯನ್ನು ಯಾರೂ ಬಾಯಿಬಿಟ್ಟು ಬೇಡ ಎಂದವರಲ್ಲ. ಆ ಹೊತ್ತಿಗೆ ಸರಿಯಾಗಿ ಅವಳಿಗೆ ಅಡುಗೆಮನೆಯಲ್ಲಿ ಪಾಯಸ ಮಗುಚುವ ಕೆಲಸ ಇರುತ್ತಿತ್ತು, ಅಷ್ಟೇ. ಹಾಗೆ ಯಾವ ಕಾರ್ಯಕ್ರಮದಲ್ಲಾದರೂ ನಾವಿಬ್ಬರೂ ಅಡುಗೆಮನೆಯ ಗಿರಾಕಿಗಳು. ನಾನು ಬಕೆಟ್ ತುಂಬಿಸಲು ಒಳಗೆ ಹೋದರೆ ಅವಳು ಸೌಟು ಹಿಡಿದು ನಿಂತಿರುತ್ತಿದ್ದಳು. "ನಿಮಗೆ ಊಟ ಆಯ್ತಾ?" ಎಂದು ಅವಳು, "ನಿನಗೆ?" ಎಂದು ನಾನು. ಅವಳು ಅಲ್ಲಿ ಯಾಕೆ ನಿಂತಿದ್ದಾಳೆ ಎಂದು ನಾನು ಕೇಳಲಿಲ್ಲ. ನಾನು ಯಾಕೆ ಅಲ್ಲಿದ್ದೇನೆ ಎಂದು ಅವಳೂ ಕೇಳಲಿಲ್ಲ.

ರೋಗ ಹೊರಬಿದ್ದದ್ದು ಒಂದು ಕುಚೇಷ್ಟೆಯಿಂದಲೇ. ಊಟ ಬೇಗ ಸಿಗಲಿ ಎಂದು ಗೋಡೆ ಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸಲು ಪ್ಲಾಸ್ಟಿಕ್ ಸ್ಟೂಲು ಹತ್ತಿದೆ. ಇಳಿಯುವಾಗ ಜಾರಿದೆ. ಮಗು ಬಿದ್ದರೆ ಅಳದಷ್ಟು ಎತ್ತರ. ಮಣಿಕಟ್ಟು ಮುರಿಯಿತು. ಡೊಂಬಿವಲಿಯ ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿ, ಮತ್ತೇನೋ ಸ್ಕ್ಯಾನ್ ಮಾಡಿಸಿ, ತಲೆ ಕೆರೆದುಕೊಂಡರು. ಈ ವಯಸ್ಸಿನ ಗಂಡಸಿನ ಎಲುಬು ಇಷ್ಟು ಪೊಳ್ಳಾಗಬಾರದು ಎಂದು ಥಾಣೆಯ ಹಾರ್ಮೋನಿನ ಡಾಕ್ಟರ ಕಡೆಗೆ ಕಳಿಸಿದರು.

ಆ ವೇಟಿಂಗ್ ರೂಮು ನೆನಪಾದರೆ ಈಗಲೂ ನಗು ಬರುತ್ತದೆ. ಸುತ್ತ ಬರೀ ಹೆಂಗಸರು, ಥೈರಾಯಿಡಿನವರು, ಬಸುರಿಯರು, ಗೋಡೆಯ ಮೇಲೆ ತಾಯಿ ಮಗುವಿನ ಚಿತ್ರ. ನಡುವೆ ನಾನೊಬ್ಬ ತೆಂಗಿನಮರ. ಕೌಂಟರಿನ ಹುಡುಗಿ ನಮ್ಮ ಸರತಿ ಬಂದಾಗ ನನ್ನ ಕಡೆ ನೋಡಲೇ ಇಲ್ಲ. ಸುಮತಿಗೆ ಹೇಳಿದಳು: "ಪೇಷಂಟ್ ಅಂದರ್ ಆಯಿಯೇ."

ಸುಮತಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹೋಗಿಯೂಬಿಟ್ಟಳು.

"ಏ ಇವಳೇ, ಕೈ ಮುರಿದದ್ದು ನನ್ನದು ಮಾರಾಯ್ತಿ!" ಎಂದೆ.

"ಹೌದಲ್ಲ," ಎಂದು ಅವಳು ನಿಂತಳು. "ಅಭ್ಯಾಸ ಆಗಿಹೋಗಿದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗುವ ಹೊತ್ತಿಗೆ ಯಾಕೋ ನಗು ಅರ್ಧಕ್ಕೆ ನಿಂತಿತು.

ಡಾಕ್ಟರಮ್ಮ ಮರಾಠಿಯವರು, ಸಣ್ಣ ಪ್ರಾಯ. ಗಡ್ಡ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಎಂದು ಕೇಳಿದರು. ಹಬ್ಬಕ್ಕೊಮ್ಮೆ ಎಂದೆ. ಸುಸ್ತು, ಬೇಸರ ಎಲ್ಲ ಕೇಳಿದರು. ಮಕ್ಕಳೆಷ್ಟು ಎಂದು ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ಸುಮತಿ, ತನಗೇ ಆಗಲಿಲ್ಲವೆಂದು, ಹಿಂದಿಯಲ್ಲಿ ಉತ್ತರ ಕೊಟ್ಟಳು: "ಮುಝೇ ನಹೀಂ ಹುವಾ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಸಂ ಕೋಣ್ ಮ್ಹಣಾಲಂ, ಕಾಕು?" ಹಾಗಂತ ಯಾರು ಹೇಳಿದ್ದು ನಿಮಗೆ, ಎಂದು. ಸುಮತಿಗೆ ಯಾರ ಹೆಸರು ಹೇಳುವುದೆಂದು ತಿಳಿಯಲಿಲ್ಲ. ಎಷ್ಟೋ ಜನ ಹೇಳಿದ್ದರು, ಯಾರೂ ನೇರವಾಗಿ ಹೇಳಿರಲಿಲ್ಲ.

ಆಮೇಲೆ ಪರದೆಯ ಹಿಂದೆ ಅಂಗಿ ತೆಗೆಯಲು ಹೇಳಿದರು. ನಾನು ಮೂರು ಜೋಕ್ ಹೇಳಿದೆ. ಅವರು ಮೂರಕ್ಕೂ ನಕ್ಕರು. ಆಮೇಲೂ ಅಂಗಿ ತೆಗೆಯಲು ಹೇಳಿದರು.

ರಕ್ತ ಕೊಟ್ಟು ಬಂದು, ಕೆಲವು ವಾರ ಬಿಟ್ಟು ಮತ್ತೆ ಹೋದೆವು. ಆ ದಿನ ಡಾಕ್ಟರಮ್ಮ ನನ್ನ ರೋಗದ ಹೆಸರು ಹೇಳಿದರು. ಕ್ಲೈನ್‌ಫೆಲ್ಟರ್. ನನಗೆ ಕೇಳಿಸಿದ್ದು 'ಕ್ಲೀನ್ ಫಿಲ್ಟರ್'. ಜೀವಮಾನವಿಡೀ ಕಾಫಿ ಮಾರಿದ ಕಿವಿ, ಅದರ ತಪ್ಪಲ್ಲ. "ನಮ್ಮಲ್ಲಿ ಫಿಲ್ಟರ್ ದಿನಾ ಬೆಳಿಗ್ಗೆ ಕ್ಲೀನ್ ಮಾಡ್ತಿದ್ವಿ ಮೇಡಂ, ಬಿಸಿ ನೀರು ಹಾಕಿ" ಎಂದು ಹಿಂದಿಯಲ್ಲಿ ವಿವರಿಸಿದೆ. ಇದೊಂದು ನಾನು ಬೇಕೆಂದು ಹೇಳಿದ ಜೋಕ್ ಅಲ್ಲ. ಅವರು ಕಣ್ಣು ಒರೆಸಿಕೊಂಡು, ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು. ಗಂಡಸರಿಗೆ ಎಕ್ಸ್ ಒಂದು, ವೈ ಒಂದು. ನನಗೆ ಎಕ್ಸ್ ಎರಡು, ವೈ ಒಂದು. "ಏಕ್ ಎಕ್ಸ್ ಎಕ್ಸ್‌ಟ್ರಾ ಹೈ, ಬಸ್." ಅದೂ ಜನ್ಮದಿಂದಲೇ ಎಂದರು.

ಎಕ್ಸ್‌ಟ್ರಾ ಎಂದರೆ ನಮ್ಮ ಹೋಟೆಲಿನಲ್ಲಿ ಕೇಳಿ ಹಾಕಿಸಿಕೊಳ್ಳುವ ವಸ್ತು. ನನಗೆ ಕೇಳದೆಯೇ ಯಾರೋ ಬಡಿಸಿ ಹೋಗಿದ್ದಾರೆ. ಉದ್ದ, ದನಿ, ಎದೆ, ಗಡ್ಡ, ಎಲುಬು, ಮಧ್ಯಾಹ್ನ ಮೂರಕ್ಕೆ ಮೈಯೆಲ್ಲ ಚೀಲದ ಹಾಗೆ ಕುಸಿಯುವುದು, ಮಕ್ಕಳಾಗದ್ದು, ಎಲ್ಲದಕ್ಕೂ ಅದೊಂದೇ ಕಾರಣ. ನಾನು ಸೋಮಾರಿ ಎಂದು ಮಾವ ಬೈದದ್ದಕ್ಕೂ ಅದೇ. ನನಗೆ ಒಂದೇ ಭಯ. ಕೇಳಿಯೇಬಿಟ್ಟೆ: "ಮೇಡಂ, ಹಾಗಾದ್ರೆ ನಾನು ಗಂಡಸಲ್ವಾ?"

"ಆಪ್ ಆದ್ಮೀ ಥೇ, ಹೈಂ, ಔರ್ ರಹೇಂಗೇ," ಎಂದರು. ಇದ್ದಿರಿ, ಇದ್ದೀರಿ, ಇರುತ್ತೀರಿ. ಹೀಗೆ ಹೇಳುವ ಡಾಕ್ಟರು ನಿಮಗೆ ಸಿಕ್ಕಿದರೆ ದೂರದ ದಾರಿ ಎಂದು ಬಿಡಬೇಡಿ.

ಥಾಣೆಯಿಂದ ವಾಪಸು ಬರುವಾಗ ಮಧ್ಯಾಹ್ನದ ಲೋಕಲ್ ಖಾಲಿ ಇತ್ತು. ಎದುರುಬದುರು ಕಿಟಕಿ ಸಿಕ್ಕಿತು. ಕಳವಾ ಹೋಯಿತು, ಮುಂಬ್ರಾ ಹೋಯಿತು. ನಾನು ಸುಮತಿಯ ಮುಖ ನೋಡದ ಹಾಗೆ ಕಿಟಕಿಯಾಚೆ ಖಾಡಿಯ ಹಿನ್ನೀರು ನೋಡುತ್ತಾ ಕೂತೆ. ದಿವಾ ಬಂದಾಗ ಅವಳು ಹೇಳಿದಳು:

"ಅಶ್ವತ್ಥ ಕಟ್ಟೆಗೆ ನಾನು ಎಷ್ಟು ಸುತ್ತು ಬಂದೆ ಗೊತ್ತುಂಟಾ? ಪಾಪ, ಆ ಮರಕ್ಕೇ ತಲೆ ತಿರುಗಿರ್ಬೇಕು."

ಇಷ್ಟು ವರ್ಷ ಮನೆಯಲ್ಲಿ ತಮಾಷೆ ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ. ನಾವಿಬ್ಬರೂ ಡೊಂಬಿವಲಿ ಬರುವವರೆಗೆ ನಕ್ಕೆವು. ಇಳಿಯುವ ಹೊತ್ತಿಗೆ ಅವಳ ಕಣ್ಣು ಕೆಂಪಾಗಿತ್ತು. ನನ್ನದನ್ನು ನಾನು ನೋಡಿಕೊಂಡಿಲ್ಲ.

ಸುದ್ದಿಯನ್ನು ಅಕ್ಕನಿಗೆ ಹೇಳಬೇಕಲ್ಲ. ಕಮಲಕ್ಕ ನನಗಿಂತ ಆರು ವರ್ಷ ದೊಡ್ಡವಳು, ನಮ್ಮ ಕುಟುಂಬದ ಹೈಕೋರ್ಟು. ಫೋನಿನಲ್ಲಿ ನಾನು 'ಕ್ಲೈನ್‌ಫೆಲ್ಟರ್' ಎಂದೆ. ಅವಳಿಗೂ ಕೇಳಿಸಿದ್ದು ಫಿಲ್ಟರ್! "ಅಯ್ಯೋ ಮಾಣಿ, ಫಿಲ್ಟರ್ ಹೋಯ್ತಾ?" ಎಂದು ಕಿರುಚಿದಳು. ಫಿಲ್ಟರ್ ಎಂದರೆ ಅವಳ ಪ್ರಕಾರ ಕಿಡ್ನಿ. ಮರುದಿನದಿಂದ ಮನೆಗೆ ಬಾರ್ಲಿ ನೀರು, ಬಾಳೆದಿಂಡಿನ ರಸ, ಬೂದುಗುಂಬಳದ ರಸ. ಬಂದವರೆಲ್ಲ ನನ್ನ ಕಾಲು ಒತ್ತಿ ಬಾವು ನೋಡಿ ಹೋದರು. ಎರಡು ಸಲ ತಿದ್ದಲು ನೋಡಿದೆ. "ಠಾಕುರ್ಲಿ ಬಿಡಬೇಡ ಮಾಣಿ, ಸುಮ್ಮನೆ ಕುಡಿ," ಎಂದಳು. ನಾನೂ ಬಿಟ್ಟೆ. ಕಿಡ್ನಿಯ ರೋಗಿಯಾಗಿರುವುದು ಎಷ್ಟು ಸುಲಭ ನೋಡಿ! ಜನ ಹಣ್ಣು ತರುತ್ತಾರೆ, ಯಾರೂ ನಿಮ್ಮ ಅಂಗಿಯ ಕಡೆ ನೋಡುವುದಿಲ್ಲ.

ಚಿಕಿತ್ಸೆ ಶುರುವಾಯಿತು. ಹಾರ್ಮೋನಿನ ಇಂಜೆಕ್ಷನ್, ಎಲುಬಿಗೆ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಇಂಜೆಕ್ಷನ್ ಚುಚ್ಚುವ ಜಾಗ ಯಾವುದೆಂದು ಹೇಳುವುದಿಲ್ಲ. ಎರಡು ದಿನ ಲೋಕಲಿನಲ್ಲಿ ಸೀಟು ಸಿಕ್ಕರೂ ನಿಂತುಕೊಂಡೇ ಹೋದೆ ಎಂದರೆ ಅರ್ಥವಾದೀತು. ಕೆಲವು ತಿಂಗಳಲ್ಲಿ ಮಧ್ಯಾಹ್ನದ ಕುಸಿತ ಕಡಿಮೆಯಾಯಿತು. ಗಲ್ಲದ ಮೇಲೆ ನಾಲ್ಕು ಕೂದಲು ಜಾಸ್ತಿ ಬಂತು. ನಾನು ಅದನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿ, ಇನ್ನು ಮೀಸೆ ಬಿಡುತ್ತೇನೆ ಎಂದು ಹೆದರಿಸಿದೆ. ಎದೆ ಮಾತ್ರ ಇದ್ದ ಹಾಗೇ ಇತ್ತು. ಅದು ಇಂಜೆಕ್ಷನ್ನಿಗೆ ಹೋಗುವುದಿಲ್ಲ, ಬೇಕಾದರೆ ಆಪರೇಷನ್ ಎಂದರು ಡಾಕ್ಟರಮ್ಮ. ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ದವರನ್ನು ಈಗ ಎಬ್ಬಿಸುವುದು ಬೇಡ ಎಂದೆ.

ಪಾಟೀಲ ಸಿಕ್ಕಿದ್ದು ಅದೇ ವೇಟಿಂಗ್ ರೂಮಿನಲ್ಲಿ. ಶಹಾಡ್‌ನ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನಲವತ್ತರ ಹತ್ತಿರದ ವಯಸ್ಸು, ನನ್ನಷ್ಟೇ ಉದ್ದ. ಅಷ್ಟು ಹೆಂಗಸರ ನಡುವೆ ಎರಡು ತೆಂಗಿನಮರ ಪರಸ್ಪರ ನೋಡಿಕೊಂಡವು. ಅವನು ಬಾಗಿ, ದನಿ ಇಳಿಸಿ, ನೀವೂ ಇದೇ ರೋಗದವರಾ ಎಂದು ಕೇಳಿದ: "ಅಂಕಲ್, ಆಪ್ ಭೀ?"

"ನಹೀಂ, ಮೈಂ ಪ್ರೆಗ್ನೆಂಟ್ ಹೂಂ," ಎಂದೆ.

ಅವನು ನಗಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ ನಕ್ಕದ್ದು ನಕ್ಕದ್ದೇ. ಕೆಳಗೆ ಚಹಾದ ಅಂಗಡಿಯಲ್ಲಿ ತನ್ನ ಕಥೆ ಹೇಳಿದ. ಅವನಿಗೆ ಮೂವತ್ತರೊಳಗೇ ಗೊತ್ತಾಗಿತ್ತು. ನಿಶ್ಚಯವಾದ ಹುಡುಗಿಗೆ ನಿಜ ಹೇಳಿದ, ಮದುವೆ ನಿಂತಿತು. ಅಲ್ಲಿಂದ ಯಾರಿಗೂ ಹೇಳಿಲ್ಲ. ಕೆಲಸದವರ ಜೊತೆ ಪಿಕ್ನಿಕ್‌ಗೆ ಹೋದರೆ ನೀರಿಗೆ ಇಳಿಯುವುದಿಲ್ಲ, ಶೀತ ಎನ್ನುತ್ತಾನೆ. ನಾನು ಚಪ್ಪಲಿ ಕಾಯುವ ಉಪಾಯ ಹೇಳಿಕೊಟ್ಟೆ. ಹಿರಿಯನಾದ ಮೇಲೆ ಏನಾದರೂ ವಿದ್ಯೆ ದಾಟಿಸಬೇಕಲ್ಲ.

ಚಹಾ ಮುಗಿಯುತ್ತಾ ಬಂದಾಗ ಕೇಳಿದ: "ಆಂಟೀ ನೇ ಕ್ಯಾ ಬೋಲಾ?"

ಆಂಟಿ ಏನಂದಳು? ನಾನು ಅಶ್ವತ್ಥ ಮರದ ಜೋಕ್ ಹೇಳಿದೆ. ಅವನು ನಗಲಿಲ್ಲ. "ಉಸ್‌ಕೇ ಬಾದ್?" ಎಂದ. ಅದರ ನಂತರ?

ಅದರ ನಂತರ ಏನೂ ಇಲ್ಲ. ಅದರ ನಂತರ ನಾನು ಕೇಳಿರಲಿಲ್ಲ. ಮದುವೆ ನಿಂತ ಅವನಿಗೆ ಈ ಉತ್ತರ ಯಾಕೆ ಬೇಕಿತ್ತೆಂದು ನನಗೆ ಗೊತ್ತಾಯಿತು. ನನ್ನ ಹತ್ತಿರ ಕೊಡಲು ಇರಲಿಲ್ಲ ಎನ್ನುವುದೂ ಗೊತ್ತಾಯಿತು.

ಆ ವಾರವೇ ಕಮಲಕ್ಕನ ಮಗ ಪ್ರಸಾದನ ಹೆಂಡತಿಯ ಸೀಮಂತದ ದಿನ ಗೊತ್ತಾಯಿತು. ಹುಡುಗಿ ನೇಹಾ, ಕಲ್ಯಾಣದ ಮರಾಠಿ ಮನೆಯವಳು. ನಮ್ಮ ಕನ್ನಡ ತುಳು ಎಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಸುಮತಿ ಫೋನಿನಲ್ಲಿ "ಪಾಯಸ ನಾನು ನೋಡಿಕೊಳ್ತೇನೆ ಕಮಲಕ್ಕ" ಎನ್ನುವುದು ಕೇಳಿಸಿತು.

ಫೋನ್ ಇಟ್ಟ ಮೇಲೆ ನಾನು ಹೇಳಿದೆ: "ಪಾಯಸಕ್ಕೆ ಅಡುಗೆಯವರಿದ್ದಾರೆ. ಈ ಸಲ ನೀನು ಮಡಿಲು ತುಂಬಬೇಕು."

"ಸುಮ್ಮನಿರಿ."

"ನಾನು ಎಲ್ಲರ ಎದುರು ಹೇಳ್ತೇನೆ. ತೊಂದರೆ ಇದ್ದದ್ದು ನನ್ನದು ಅಂತ."

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ನೋಡಿ, ನನಗೆ ಅಭ್ಯಾಸ ಆಗಿದೆ. ನಿಮಗೆ ಅಭ್ಯಾಸ ಇಲ್ಲ. ಜನ ನಿಮ್ಮನ್ನು ನೋಡಿ ನಗ್ತಾರೆ."

"ನಗಿಸುವುದೇ ನನ್ನ ಕೆಲಸ ಅಲ್ವಾ?"

"ಆ ನಗು ಬೇರೆ," ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಎರಡು ಬನಿಯನ್ ಒಗೆದು ಒಣಗಿಸಿದವಳಿಗೆ ಗೊತ್ತಿಲ್ಲದೆ ಹೇಗೆ?

ನನಗೆ ಹಟ ಹಿಡಿಯಿತು. ನಾನು ಹಟ ಹಿಡಿದದ್ದು ಅಪರೂಪ, ಹಿಡಿದರೆ ತುರ್ಭೆಯ ಲೋಡಿಂಗಿನವರು ನಾಲ್ಕು ಜನ ಬಂದರೂ ಎತ್ತಲಾರರು. ಆಗುವುದಾದರೆ ಈ ಸೀಮಂತದಲ್ಲೇ ಆಗಬೇಕು. ಕುಟುಂಬದಲ್ಲಿ ಇನ್ನೊಬ್ಬ ಬಸುರಿ ಬರುವ ಹೊತ್ತಿಗೆ ನಾನಾಗಲಿ ಅವಳಾಗಲಿ ಇರುತ್ತೇವೆಂದು ಯಾರು ಕಂಡವರು? ಪಾಟೀಲನಿಗೆ ಫೋನ್ ಮಾಡಿ, ನಿನ್ನ ಪ್ರಶ್ನೆಗೆ ಉತ್ತರ ಭಾನುವಾರದ ನಂತರ ಕೊಡುತ್ತೇನೆ ಎಂದೆ.

ಡೊಂಬಿವಲಿಯ ಹಾಲ್ ತುಂಬ ಜನ. ನೇಹಾ ಹಸಿರು ಸೀರೆ ಉಟ್ಟು, ಹೂವಿನ ಜಡೆ ಹಾಕಿಸಿಕೊಂಡು, ಮಣೆಯ ಮೇಲೆ ಕಾಲು ಬದಲಿಸುತ್ತಾ ಕೂತಿದ್ದಳು. ಹೋಮ ಮುಗಿಯಿತು. ಕಮಲಕ್ಕ ಮುತ್ತೈದೆಯರ ಹೆಸರು ಒಂದೊಂದಾಗಿ ಕರೆದಳು. ಐದು ಹೆಸರು ಆಯಿತು. ನಾನು ಅಡುಗೆಮನೆಗೆ ಹೋದೆ. ಅಡುಗೆಯವರು ಮೂವರು ಕೈಕಟ್ಟಿ ನಿಂತಿದ್ದರು. ಸುಮತಿ ಸೌಟು ಹಿಡಿದಿದ್ದಳು.

"ಬಾ."

"ತಳ ಹಿಡೀತದೆ."

"ಹಿಡೀಲಿ," ಎಂದು ಸೌಟು ಕಸಿದು ಅಡುಗೆಯವನ ಕೈಗೆ ಕೊಟ್ಟು, ಅವಳ ಕೈ ಹಿಡಿದು ಹೊರಗೆ ತಂದೆ. ಜನ ದಾರಿ ಬಿಟ್ಟರು. ಮಾಣಿ ಏನೋ ಆಟ ಕಟ್ಟಿದ್ದಾನೆ ಎಂದು ಆಗಲೇ ಎಲ್ಲರ ಮುಖದಲ್ಲಿ ನಗು.

"ಎಂತ ಮಾಣಿ ಇದು?" ಕಮಲಕ್ಕ ಮೆಲ್ಲಗೆ ಹೇಳಿದಳು. "ಅವಳಿಗೆ ಒಳಗೆ ಕೆಲಸ ಉಂಟಲ್ಲ."

"ಇವತ್ತು ಇಲ್ಲ. ಮಡಿಲು ಮೊದಲು ಸುಮತಿ ತುಂಬ್ತಾಳೆ. ನಮಗೆ ಮಕ್ಕಳಾಗದ್ದು ನನ್ನ ಮೈಯಿಂದ, ಅವಳ ಮೈಯಿಂದ ಅಲ್ಲ. ಡಾಕ್ಟರು ಹೇಳಿದ್ದಾರೆ. ನನಗೆ ಹುಟ್ಟುವಾಗಲೇ ಒಂದು ಎಕ್ಸ್ ಎಕ್ಸ್‌ಟ್ರಾ ಉಂಟಂತೆ."

 ಹಿಂದಿನಿಂದ ಯಾರೋ ಕೂಗಿದರು: "ಠಾಕುರ್ಲಿ!"

ಹಾಲಿಗೆ ಹಾಲೇ ನಕ್ಕಿತು. "ಎಕ್ಸ್‌ಟ್ರಾ ಚಟ್ನಿ ಉಂಟಾ ಮಾಣಿ?" ಎಂದು ಇನ್ನೊಬ್ಬರು. ಸುಮತಿ ನನ್ನ ಕೈ ಬಿಡಿಸಿಕೊಳ್ಳಲು ನೋಡಿದಳು. ಭಟ್ಟರಿಗೆ ಮುಹೂರ್ತದ ಚಿಂತೆ. ವಡೆಯ ಸಿಟ್ಟೂ ಇನ್ನೂ ಇಳಿದಿರಲಿಲ್ಲವೇನೋ, ಗದರಿದರು: "ಮಾಣಿ, ತಮಾಷೆ ಊಟದ ಹೊತ್ತಿಗೆ. ಮಂಡಲದ ಹತ್ತಿರ ಬರುವುದಾದ್ರೆ ಅಂಗಿ ತೆಗೆದು ಬಾ. ಇಲ್ಲದಿದ್ರೆ ಆಚೆ ನಿಲ್ಲು."

ಅವರು ಪ್ರತಿ ಸಲ ಹೇಳುವ ಮಾತೇ ಅದು. ಪ್ರತಿ ಸಲ ನಾನು ಆಚೆ ನಿಲ್ಲುತ್ತಿದ್ದೆ.

ನಾನು ಅಂಗಿಯ ಗುಂಡಿ ಬಿಚ್ಚಿದೆ. ಮುರಿದಿದ್ದ ಮಣಿಕಟ್ಟಿನ ಕೈ, ಸ್ವಲ್ಪ ತಡವಾಯಿತು. ಒಂದು ಬನಿಯನ್ ತೆಗೆದೆ. ಅದರ ಕೆಳಗೆ ಇನ್ನೊಂದು ಕಂಡು ಯಾರೋ ಮಕ್ಕಳು ಕಿಸಕ್ಕೆಂದರು. ಅದನ್ನೂ ತೆಗೆದೆ. ಅಷ್ಟು ಜನರ ಎದುರು, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹೈಸ್ಕೂಲಿನಿಂದ ಮುಚ್ಚಿಟ್ಟಿದ್ದನ್ನು ಬಿಚ್ಚಿ ನಿಂತೆ. ಫ್ಯಾನಿನ ಗಾಳಿ ಎದೆಗೆ ನೇರವಾಗಿ ತಾಗಿತು. ಹಾಲಿನ ನಗು ಒಂದೊಂದೇ ಮೂಲೆಯಿಂದ ಆರುತ್ತಾ ಬಂತು.

"ಕಿಡ್ನಿ ಸರಿ ಉಂಟು ಅಕ್ಕ," ಎಂದೆ. "ಬಾಳೆದಿಂಡು ಸುಮ್ಮನೆ ಖರ್ಚಾಯ್ತು. ರೋಗ ಇದು. ನಾನು ಚಪ್ಪಲಿ ಕಾಯ್ತಿದ್ದದ್ದೂ ಇದಕ್ಕೇ. ಇದು ಠಾಕುರ್ಲಿ ಅಲ್ಲ."

ಕಮಲಕ್ಕ ನನ್ನನ್ನೇ ನೋಡಿದಳು. ನಗಲಿಲ್ಲ, ಅಳಲಿಲ್ಲ. ಹತ್ತಿರ ಬಂದು, ತುಂಬ ಹಳೆಯದೇನನ್ನೋ ಕೂಡಿಸಿ ಕಳೆಯುತ್ತಿರುವವಳ ಹಾಗೆ ಹೇಳಿದಳು: "ನೀನು ಹೈಸ್ಕೂಲಿಗೆ ಹೋದ ಮೇಲೆ ನಮ್ಮ ಜೊತೆ ಕೆರೆ ಸ್ನಾನಕ್ಕೆ ಬರುವುದು ಬಿಟ್ಟೆ. ಅಮ್ಮ ಕೇಳಿದ್ಳು. ಮಾಣಿಗೆ ಚಳಿ ಅಂತ ನಾನೇ ಹೇಳಿದೆ."

ಮಂಡಲದ ಪಕ್ಕದ ತಟ್ಟೆಯಲ್ಲಿದ್ದ ಶಲ್ಯ ತೆಗೆದು ನನ್ನ ಹೆಗಲಿಗೆ ಹಾಕಿದಳು. ಎದೆ ಮುಚ್ಚಲಿಲ್ಲ, ಎಲ್ಲ ಗಂಡಸರಿಗೂ ಇರುವ ಹಾಗೆ ಒಂದು ಹೆಗಲಿಗೆ ಮಾತ್ರ. ಆಮೇಲೆ ಸುಮತಿಯ ಕಡೆ ತಿರುಗಿದಳು. ಮಡಿಲು ತುಂಬುವ ತಟ್ಟೆಯನ್ನು ಅವಳ ಮುಂದೆ ಸರಿಸಿದಳು. ನಮ್ಮ ಹೈಕೋರ್ಟು ತೀರ್ಪು ಬದಲಿಸಿದ್ದು ಅದೇ ಮೊದಲು.

ಮಣೆಯ ಮೇಲಿಂದ ನೇಹಾ ಕೂಗಿದಳು: "ಮಾಮೀ, ಯಾ ನಾ ಲವಕರ್! ಪಾಯ ದುಖತಾಯತ್ ಮಾಝೇ." ಬೇಗ ಬನ್ನಿ ಮಾಮಿ, ಕಾಲು ನೋಯುತ್ತಿದೆ.

ಸುಮತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಏಲಕ್ಕಿಯ ಪರಿಮಳದ ಕೈ. ಕುಂಕುಮ ಹಚ್ಚಿ, ಹೂ ಮುಡಿಸಿ, ಅಕ್ಕಿ, ತೆಂಗಿನಕಾಯಿ, ವೀಳ್ಯ, ಬಳೆ ಎಲ್ಲವನ್ನೂ ಕ್ರಮದಲ್ಲಿ ನೇಹಾಳ ಮಡಿಲಿಗೆ ಹಾಕಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ, ಒಂದೂ ತಪ್ಪಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಅಷ್ಟು ವರ್ಷ ನೋಡಿದ್ದಳಲ್ಲ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನನ್ನ ಹಾಗಿನ ತೆಂಗಿನಮರ ಇದ್ದರೆ ಕೇಳಿ. ನೀವೂ ಹಾಲಿನಲ್ಲಿ ಅಂಗಿ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ಆ ಆಟದಲ್ಲಿ ನನ್ನನ್ನು ಮೀರಿಸಲು ನಿಮ್ಮಿಂದ ಆಗದು. ಒಬ್ಬರಿಗೆ ಹೇಳಿ ಸಾಕು. ಡಾಕ್ಟರಿಗೆ ಬೇಗ ತೋರಿಸಿ, ನನ್ನ ಹಾಗೆ ಗಡಿಯಾರ ತಿರುಗಿಸಲು ಹೋಗಿ ಬೀಳುವವರೆಗೆ ಕಾಯಬೇಡಿ. ಆಮೇಲೂ ಎರಡು ಜನ ನಕ್ಕಾರು. ನಾನು ಹಾಲ್‌ನಿಂದ ಹೊರಗೆ ಹೋಗುವಾಗಲೂ ಇಬ್ಬರು ಕಿವಿಯಲ್ಲಿ ಏನೋ ಹೇಳಿಕೊಂಡು ನಕ್ಕದ್ದು ಕಂಡೆ. ಸುಮತಿ ಹೇಳಿದ್ದು ಸರಿ, ಆ ನಗು ಬೇರೆಯೇ. ಚುಚ್ಚುತ್ತದೆ. ಇಂಜೆಕ್ಷನ್ನಿನಷ್ಟಲ್ಲ, ಅದನ್ನು ಚುಚ್ಚಿಸಿಕೊಂಡವನು ಹೇಳುತ್ತಿದ್ದೇನೆ. ಪಾಟೀಲನಿಗೆ ಸೋಮವಾರ ಎಲ್ಲ ಹೇಳಿದೆ. ಅವನು "ದೋ ಬನಿಯನ್? ಮೈಂ ಭೀ ದೋ," ಎಂದ. ಅವನೂ ಎರಡು ತೊಡುವವನಂತೆ. ಈಗ ನಮ್ಮಿಬ್ಬರ ಇಂಜೆಕ್ಷನ್ ಒಂದೇ ದಿನ ಬರುವ ಹಾಗೆ ಮಾಡಿಕೊಂಡಿದ್ದೇವೆ.

ಆ ದಿನದ ಊಟದ್ದು ಹೇಳಿ ಮುಗಿಸುತ್ತೇನೆ. ಎಲೆ ಹಾಕಿದರು. ನಾನು ಬರಿಮೈಯಲ್ಲೇ ಹೋಗಿ ಪಂಕ್ತಿಯಲ್ಲಿ ಕೂತೆ. ನೇಹಾ ಸುಮತಿಯನ್ನು ಎದುರಿನ ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಅನ್ನ ಬಂತು. ಆಮೇಲೆ ಏನೂ ಬರಲಿಲ್ಲ. ಜನ ಎಲೆಯ ಮುಂದೆ ಕೂತು ಆಚೀಚೆ ನೋಡಿದರು. ಸಾಂಬಾರಿನ ಬಕೆಟ್ ಹಿಡಿಯುವವನು ನಾನು, ಪಾಯಸ ಕಳಿಸುವವಳು ಸುಮತಿ. ಇಬ್ಬರೂ ಕೂತ ಮೇಲೆ ಬಡಿಸುವುದು ಯಾರೆಂದು ಯಾರೂ ಯೋಚಿಸಿರಲಿಲ್ಲ.

"ಓ ಮಾಣೀ!" ಎಂದು ನಾನೇ ಗಟ್ಟಿಯಾಗಿ ಕೂಗಿದೆ, ಹೋಟೆಲಿನಲ್ಲಿ ಗಿರಾಕಿಗಳು ನನ್ನನ್ನು ಕೂಗುತ್ತಿದ್ದ ಹಾಗೆ.

ಒಳಗಿಂದ ಕಮಲಕ್ಕ ಬಂದಳು. ಎಪ್ಪತ್ತು ದಾಟಿದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಾಂಬಾರಿನ ಬಕೆಟ್ ಎರಡೂ ಕೈಯಲ್ಲಿ ಹಿಡಿದು. ನನ್ನ ಎಲೆಯ ಮುಂದೆ ಬಾಗಿ ಒಂದು ಸೌಟು ಹಾಕಿದಳು. ಇನ್ನೊಂದು ಸೌಟು ಎತ್ತಿ ಹಿಡಿದು ಕೇಳಿದಳು:

"ಎಕ್ಸ್‌ಟ್ರಾ ಬೇಕಾ ಮಾಣಿ?"

"ನನಗೆ ಉಂಟು ಅಕ್ಕ," ಎಂದೆ. "ಅವಳಿಗೆ ಹಾಕು."